ಪೆನ್ಸಿಲ್ ಹಿಡಿದು ಓದುವ ರಸಾಯನಶಾಸ್ತ್ರ

ಯಾವಾಗಲೂ ಕ್ಯಾಮೆರಾದ ಹಿಂದೆ ನಿಲ್ಲುವ ನಾನು ಇಂದು ಅದರ ಮುಂದೆ ಕುಳಿತಿದ್ದೇನೆ. ಕಾಲೇಜಿನಲ್ಲಿ ಸಾವಯವ ರಸಾಯನಶಾಸ್ತ್ರವನ್ನೂ ಜೀವರಸಾಯನಶಾಸ್ತ್ರವನ್ನೂ ಮೊದಲ ಬಾರಿಗೆ ಓದುವವರಿಗೆ ಯಾವ ಸಾಧನಗಳು ಬೇಕು, ಅವನ್ನು ಹೇಗೆ ಬಳಸಬೇಕು ಎಂಬುದೇ ಈ ಹೊತ್ತಿನ ವಿಷಯ.

ನನ್ನದೇ ಒಂದು ಸೋಲಿನಿಂದ ಆರಂಭಿಸುತ್ತೇನೆ. ಬಿ.ಎಸ್‌ಸಿ. ಪ್ರಾಯೋಗಿಕ ಪರೀಕ್ಷೆಯ ದಿನ. ಈಥೈಲ್ ಅಸಿಟೇಟ್ ಎಂಬ ಎಸ್ಟರ್, ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ವರ್ತಿಸುವ ಸಮೀಕರಣವನ್ನು ತಪ್ಪಿಲ್ಲದೆ ಬರೆದಿದ್ದೆ. ಪರೀಕ್ಷಕರು ಕೇಳಿದರು: "ಕೊಬ್ಬರಿ ಎಣ್ಣೆಯಿಂದ ಸೋಪು ಮಾಡುತ್ತಾರಲ್ಲ, ಅಲ್ಲಿ ಮುರಿಯುವ ಬಂಧ ಯಾವುದು?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಎಣ್ಣೆಯೂ ಎಸ್ಟರೇ. ನಾನು ಬರೆದ ಬಗೆಯ ಕ್ರಿಯೆಯೇ ಸೋಪಿನ ಪಾತ್ರೆಯಲ್ಲೂ ನಡೆಯುತ್ತದೆ. ನಮ್ಮ ಕರುಳಿನಲ್ಲಿ ಲೈಪೇಸ್ ಎಂಬ ಕಿಣ್ವ ಮುರಿಯುವುದೂ ಅದೇ ಬಂಧವನ್ನು. ಉರು ಹೊಡೆದವರಿಗೆ ಇವು ಮೂರು ಪಾಠ. ಅರಿತವರಿಗೆ ಒಂದೇ ಪಾಠ.

ಆದ್ದರಿಂದ ನಿಮ್ಮ ಮೊದಲ ಸಾಧನ, ನೀವೇ ಸಿದ್ಧಪಡಿಸುವ ನೂರು ಪುಟದ ನೋಟ್‌ಬುಕ್. ಅದನ್ನು ಅಧ್ಯಾಯಗಳ ಕ್ರಮದಲ್ಲಲ್ಲ, ಕ್ರಿಯಾಗುಂಪುಗಳ ಕ್ರಮದಲ್ಲಿ ಬರೆಯಿರಿ. ಆಲ್ಕೋಹಾಲ್, ಆಲ್ಡಿಹೈಡ್, ಕೀಟೋನ್, ಕಾರ್ಬಾಕ್ಸಿಲಿಕ್ ಆಮ್ಲ, ಎಸ್ಟರ್, ಅಮೀನ್, ಅಮೈಡ್ – ಒಂದೊಂದಕ್ಕೂ ಎದುರುಬದುರಿನ ಎರಡು ಪುಟ. ಎಡಪುಟದಲ್ಲಿ ರಚನೆ ಮತ್ತು ಕ್ರಿಯೆಗಳು. ಬಲಪುಟದಲ್ಲಿ ಅದೇ ಗುಂಪು ಜೀವಿಗಳಲ್ಲಿ ಎಲ್ಲಿದೆ ಎಂಬ ವಿವರ. ಅಮೈಡ್‌ನ ಬಲಪುಟಕ್ಕೆ ಪ್ರೋಟೀನು ಬರುತ್ತದೆ. ಏಕೆಂದರೆ ಅಮೈನೋ ಆಮ್ಲಗಳನ್ನು ಪೋಣಿಸುವ ಪೆಪ್ಟೈಡ್ ಬಂಧ ಒಂದು ಅಮೈಡ್ ಬಂಧ. ಕನ್ನಡ ಮಾಧ್ಯಮದಿಂದ ಬಂದವರು ಪುಟದ ಕೆಳಗೆ ಕನ್ನಡ ಮತ್ತು ಇಂಗ್ಲಿಷ್ ಪದಗಳನ್ನು ಜೊತೆಯಾಗಿ ಬರೆದುಕೊಳ್ಳಿ. ಪದ ಗೊತ್ತಿಲ್ಲದ್ದನ್ನೇ ವಿಷಯ ಗೊತ್ತಿಲ್ಲವೆಂದು ಭಾವಿಸಿ ಕೈಚೆಲ್ಲಬೇಡಿ.

ಎರಡನೆಯ ಸಾಧನ ಮಾದರಿ. ಪುಸ್ತಕದ ಹಾಳೆ ಚಪ್ಪಟೆ. ಅಣುಗಳು ಬಹುಪಾಲು ಚಪ್ಪಟೆಯಲ್ಲ. ಜೇಡಿಮಣ್ಣಿನ ಉಂಡೆಗಳು, ಪೊರಕೆಕಡ್ಡಿಗಳು ಸಾಕು. ನಡುವಿನ ಉಂಡೆ ಕಾರ್ಬನ್. ಅದಕ್ಕೆ ನಾಲ್ಕು ಕಡ್ಡಿಗಳನ್ನು ಒಂದರಿಂದ ಒಂದು ಆದಷ್ಟು ದೂರವಿರುವಂತೆ ಚುಚ್ಚಿದರೆ ನಡುವಣ ಕೋನ ಸುಮಾರು 109.5 ಡಿಗ್ರಿ. ತುದಿಗಳಿಗೆ ನಾಲ್ಕು ಬೇರೆ ಬೇರೆ ಬಣ್ಣದ ಉಂಡೆಗಳನ್ನು ಸಿಕ್ಕಿಸಿ. ಕನ್ನಡಿಯಲ್ಲಿ ಕಾಣುವ ಅದರ ಪ್ರತಿಬಿಂಬದಂತೆ ಇನ್ನೊಂದನ್ನು ಮಾಡಿ. ಎಷ್ಟು ತಿರುಗಿಸಿದರೂ ಒಂದು ಇನ್ನೊಂದರಂತಾಗದು. ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಗ್ಲೈಸೀನ್ ಬಿಟ್ಟು ಉಳಿದವಕ್ಕೆಲ್ಲ ಈ ಎಡಗೈ-ಬಲಗೈ ಭೇದವಿದೆ.

ಇದು ಮಕ್ಕಳಾಟವೆಂದು ನಗಬೇಡಿ. 1948ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನೆಗಡಿಯಾಗಿ ಮಲಗಿದ್ದ ವಿಜ್ಞಾನಿ ಲೈನಸ್ ಪಾಲಿಂಗ್, ಕಾಗದದ ಮೇಲೆ ಪ್ರೋಟೀನಿನ ಸರಪಣಿಯನ್ನು ಬರೆದು ಆ ಕಾಗದವನ್ನು ಮಡಿಸಿ ನೋಡಿದರು. ಹಾಗೆ ಹೊಳೆದ ಸುರುಳಿಯೇ 1951ರಲ್ಲಿ ಪ್ರಕಟವಾದ ಆಲ್ಫಾ ಹೆಲಿಕ್ಸ್.

ಮೂರನೆಯದು ಪುಸ್ತಕ. ಹತ್ತು ಗೈಡುಗಳಿಗಿಂತ ಒಂದು ಒಳ್ಳೆಯ ಪಠ್ಯಪುಸ್ತಕ ಮೇಲು. ಎನ್.ಸಿ.ಇ.ಆರ್.ಟಿ.ಯ 11 ಮತ್ತು 12ನೆಯ ತರಗತಿಯ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತ. ತಳಪಾಯಕ್ಕೆ ಅವು ಸಾಕು. ಮುಂದಕ್ಕೆ ಜಾನ್ ಮ್ಯಾಕ್‌ಮರ್ರಿಯವರ 'ಆರ್ಗ್ಯಾನಿಕ್ ಕೆಮಿಸ್ಟ್ರಿ' ಇದೆ. ಅದರ ಹತ್ತನೆಯ ಆವೃತ್ತಿ 2023ರಲ್ಲಿ ಓಪನ್‌ಸ್ಟ್ಯಾಕ್ಸ್ ಮೂಲಕ ಉಚಿತವಾಗಿ ಹೊರಬಂತು. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಿಂದ ತೀರಿಕೊಂಡ ಮಗನ ನೆನಪಿಗಾಗಿ ಲೇಖಕರು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಆ ಕಾಯಿಲೆಯ ಮೂಲವೂ ನಿಮ್ಮ ಪಾಠದಲ್ಲೇ ಇದೆ. 1480 ಅಮೈನೋ ಆಮ್ಲಗಳ ಒಂದು ಪ್ರೋಟೀನು. ಆ ಕಾಯಿಲೆಯಲ್ಲಿ ಅತಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ, 508ನೆಯ ಸ್ಥಾನದ ಫಿನೈಲ್ ಅಲನೀನ್ ಒಂದು ಇಲ್ಲದಿರುವುದು. ಅಷ್ಟಕ್ಕೇ ಸರಪಣಿ ಸರಿಯಾಗಿ ಮಡಿಚಿಕೊಳ್ಳದು. ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅಂಕಕ್ಕಾಗಿ ನಾವು ಬರೆಯುವ ರಚನೆಯೊಂದರ ನಿಜವಾದ ಬೆಲೆ ಏನೆಂದು ಇದರಿಂದ ತಿಳಿಯುತ್ತದೆ.

ಕೊನೆಯದಾಗಿ ನಮ್ಮ ಕಾರ್ಯಕ್ರಮದ ಬಗ್ಗೆ ಒಂದು ಮಾತು. ಟಿ.ವಿ.ಯಲ್ಲಾಗಲಿ, ಮೊಬೈಲಿನಲ್ಲಾಗಲಿ, ಪಾಠ ನೋಡುವಾಗ ಎಲ್ಲವೂ ಅರ್ಥವಾದಂತೆಯೇ ತೋರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಪಾಠ ತಯಾರಿಸುವ ನಾನೇ ಈ ಮಾತು ಹೇಳುತ್ತಿದ್ದೇನೆ. ಪಾಠ ಮುಗಿದೊಡನೆ ಟಿ.ವಿ. ಆರಿಸಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿನಿಂದ ರಚನೆಗಳನ್ನು ಬರೆಯಿರಿ. ತಪ್ಪಿದ್ದನ್ನು ಮಾರನೆಯ ದಿನ ಮತ್ತೊಮ್ಮೆ, ವಾರ ಕಳೆದ ಮೇಲೆ ಇನ್ನೊಮ್ಮೆ ಬರೆಯಿರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಹೀಗೆಯೇ ಬಿಡಿಸಿ.

ಈ ರಾತ್ರಿಯೇ ಮೊದಲ ಹಾಳೆ ತೆಗೆಯಿರಿ. ಒಂದು ಗ್ಲಿಸರಾಲ್, ಮೂರು ಮೇದಾಮ್ಲ, ಅವನ್ನು ಕೂಡಿಸುವ ಮೂರು ಎಸ್ಟರ್ ಬಂಧಗಳು – ಒಂದು ಹನಿ ಎಣ್ಣೆಯಲ್ಲಿರುವುದು ಬಹುಮಟ್ಟಿಗೆ ಇಂಥ ಅಣುಗಳೇ. ಅಂದು ನಾನು ಹೇಳಲಾಗದೆ ನಿಂತ ಉತ್ತರವನ್ನು ನೀವು ನಿಮ್ಮ ಕೈಯಿಂದಲೇ ಬರೆದಿರುತ್ತೀರಿ.