ಪಾರಿಜಾತದ ಹಾಡುಗಳಲ್ಲಿ ವಿರಹ



ಒಲಿದ ಹೃದಯವು ಮರಳಿ ಒಲವನ್ನು ಕಾಣದೆ ನೋಯುವುದು ಒಂದು ದೇಶಕ್ಕೆ ಮೀಸಲಾದ ಸಂಗತಿಯಲ್ಲ. ಸ್ಪ್ಯಾನಿಷ್ ಭಾಷೆಯ ‘ಬೊಲೆರೊ’ ಎಂಬ ಪ್ರೇಮಗೀತೆಗಳಿಗೆ ಈ ನೋವೇ ಜೀವಾಳ. ಕ್ಯೂಬಾ ದ್ವೀಪದ ಪೆಪೆ ಸಾಂಚೆಸನು 1883ರಲ್ಲಿ ರಚಿಸಿದನೆನ್ನುವ, ಈ ಜಾತಿಯಲ್ಲಿ ಮೊದಲನೆಯದೆಂದು ಎಣಿಸುವ ಗೀತದ ಹೆಸರಿಗೆ ‘ದುಃಖಗಳು’ ಎಂದೇ ಅರ್ಥ. ಅಂತಹ ಹಾಡಿನಲ್ಲಿ ನೊಂದವನು ಸಾಮಾನ್ಯವಾಗಿ ಏಕಾಕಿ, ಕೇಳಬೇಕಾದವಳು ದೂರದಲ್ಲಿರುವಳು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯ ಜನರು ಇದೇ ನೋವನ್ನು ಕೇಳುತ್ತ ಬಂದಿರುವುದು ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ. ಅಪರಾಳ ತಮ್ಮಣ್ಣನ ಕೃತಿಯನ್ನು ನೆರೆಯ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನು ರಂಗಕ್ಕೆ ಒಗ್ಗಿಸಿದನು. 1948ರವರೆಗೆ ಜಮಖಂಡಿಗೂ ಮುಧೋಳಕ್ಕೂ ಅರಸರು ಬೇರೆ. ಬೀಳಗಿಯು ಆಂಗ್ಲರ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಆದರೆ ಸತ್ಯಭಾಮೆಯ ದುಃಖಕ್ಕೆ ಸಂಸ್ಥಾನಗಳ ಎಲ್ಲೆಯಿರಲಿಲ್ಲ.

ಕಥೆಯು ಎಲ್ಲರಿಗೂ ತಿಳಿದುದೇ. ನಾರದನು ತಂದ ದೇವಲೋಕದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುವನು. ಸುದ್ದಿಯು ಭಾಮೆಯ ಕಿವಿಗೆ ಬೀಳುವುದು. ವಿದ್ಯಾವಂತರಲ್ಲಿ ಕೆಲವರು ಇದನ್ನು ಬರಿಯ ಸವತಿಮತ್ಸರದ ಕಥೆಯೆಂದು ತಳ್ಳಿಹಾಕುವುದುಂಟು. ಈ ಅಭಿಪ್ರಾಯವು ನನಗೆ ಒಪ್ಪಿಗೆಯಿಲ್ಲ. ಅವಳಿಗೆ ಬೇಕಾದುದು ಹೂವಲ್ಲ. ಹೂವು ಕೈಗೆ ಬಂದ ಆ ಗಳಿಗೆಯಲ್ಲಿ ಒಡೆಯನಿಗೆ ಮೊದಲು ನೆನಪಾದವರು ಯಾರು ಎಂಬುದೇ ಅವಳ ಪ್ರಶ್ನೆ. ಪ್ರೀತಿಯು ಇಲ್ಲವೆಂದಲ್ಲ, ಪಾಲಾಗಿ ಬಂದಿದೆಯೆಂದು ಅವಳ ಅಳಲು. ಒಲವು ಸಿಕ್ಕದವನ ನೋವಿಗಿಂತ ಇದೇನೂ ಸಣ್ಣದಲ್ಲ.

ಈ ನೋವನ್ನು ಆಟವು ನಡೆಸಿಕೊಳ್ಳುವ ರೀತಿಯು ವಿಚಾರಾರ್ಹವಾಗಿದೆ. ಇಲ್ಲಿ ವಿರಹಿಣಿಯು ಒಂಟಿಯಲ್ಲ. ಹಾರ್ಮೋನಿಯಂ, ತಬಲಾ, ತಾಳಗಳ ಮೇಳವಿದೆ. ಪಾತ್ರವನ್ನು ಮಾತಿಗೆಳೆಯುವ ಭಾಗವತನಿದ್ದಾನೆ. ಭಾಮೆಯು ಹಾಡುವಳು, ಅವನು ಕಾರಣ ಕೇಳುವನು, ಕೆಣಕುವನು, ನಗಿಸುವನು. ಹೀಗೆ ಅಂತಃಪುರದ ಗುಟ್ಟು ಊರಿನ ಮುಂದಿನ ದೂರಾಗಿ ಪರಿಣಮಿಸುವುದು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾರದ ಎಷ್ಟೋ ಹೆಣ್ಣುಮಕ್ಕಳ ಮಾತನ್ನು ರಾಣಿಯೊಬ್ಬಳು ಬಯಲಿನಲ್ಲಿ, ಎಲ್ಲರೂ ಕೇಳುವಂತೆ ಹಾಡಿಬಿಡುತ್ತಾಳೆ. ಗಂಡಸರೇ ಹೆಣ್ಣುವೇಷ ಧರಿಸುವುದು ರೂಢಿಯಾಗಿದ್ದ ಬಯಲಾಟದ ಲೋಕದಲ್ಲಿ ಕೌಜಲಗಿ ನಿಂಗಮ್ಮನವರಂತಹ ಕಲಾವಿದೆಯು ಪಾರಿಜಾತದಿಂದ ಹೆಸರಾದುದನ್ನೂ ಇಲ್ಲಿ ಸ್ಮರಿಸತಕ್ಕದ್ದು.

ಕೊನೆಗೆ ಕೃಷ್ಣನು ಇಂದ್ರನನ್ನು ಗೆದ್ದು ಮರವನ್ನೇ ತರುವನು. ಜನಜನಿತವಾದ ಐತಿಹ್ಯದಂತೆ, ಮರವು ನಿಂತುದು ಭಾಮೆಯ ಅಂಗಳದಲ್ಲಿ. ಹೂವು ಉದುರಿದುದು ರುಕ್ಮಿಣಿಯ ಅಂಗಳದಲ್ಲಿ. ಹಟದಿಂದ ಮರವನ್ನು ತರಿಸಬಹುದು, ಹೂವನ್ನು ತನ್ನತ್ತ ಬೀಳಿಸಲಾಗದು. ಈ ಸತ್ಯವನ್ನು ಕ್ಯೂಬಾದ ಗಾಯಕನೂ ಬಲ್ಲನು.

2023ರಲ್ಲಿ ಯುನೆಸ್ಕೊ ಸಂಸ್ಥೆಯು ಕ್ಯೂಬಾ, ಮೆಕ್ಸಿಕೋಗಳ ಬೊಲೆರೊವನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು, ಸಂತೋಷದ ಸಂಗತಿಯೇ. ನಮ್ಮ ಭಾಮೆಗೆ ಅಷ್ಟು ದೊಡ್ಡ ಪಟ್ಟಿ ಬೇಕಿಲ್ಲ. ಮುಂದಿನ ಸಲ ಸಮೀಪದ ಊರಿನಲ್ಲಿ ಪಾರಿಜಾತವಿದ್ದರೆ, ನಗೆಯ ಮಾತು ಮುಗಿದೊಡನೆ ಏಳದೆ ಅವಳ ಅಳಲಿನ ಹಾಡನ್ನೂ ಕೂತು ಕೇಳಬೇಕೆಂದು ನನ್ನ ವಿಜ್ಞಾಪನೆ.