ಚಾಲನಾ ಶಿಕ್ಷಣ: ತೆರೆಯ ಪಾಠವೂ ರಸ್ತೆಯ ಅಭ್ಯಾಸವೂ

ಠಾಣೆ ಜಿಲ್ಲೆಯ ಬದಲಾಪುರದ ಹೆಸರಿನ ಹಿಂದೆ ಜನಜನಿತವಾದ ಒಂದು ಕಥೆಯಿದೆ. ಮರಾಠರ ಕಾಲದಲ್ಲಿ ಸೂರತ್ತಿನ ಕಡೆಗೆ ಸಾಗುತ್ತಿದ್ದ ಸವಾರರು ದಣಿದ ಕುದುರೆಗಳನ್ನು ಇಲ್ಲಿ ಬಿಟ್ಟು ಬೇರೆ ಕುದುರೆಗಳನ್ನು ಏರುತ್ತಿದ್ದರಂತೆ. ಇಂದು ಈ ಪಟ್ಟಣದ ಜೀವನಾಡಿ ಉಪನಗರ ರೈಲು. ನಸುಕಿನಲ್ಲಿ ಮುಂಬಯಿಗೆ ಹೊರಟ ನೌಕರನು ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ವಾಹನ ಚಾಲನೆ ಕಲಿಯುವ ಆಸೆಯಿದ್ದರೂ ನಿತ್ಯ ತರಗತಿಗೆ ಹೋಗಲು ಅವನಿಗೆ ಬಿಡುವಿಲ್ಲ. ಶಿಕ್ಷಕರನ್ನು ಮೊಬೈಲಿನ ತೆರೆಯ ಮೇಲೆ ನೇರವಾಗಿ ಕಂಡು, ಪ್ರಶ್ನೆ ಕೇಳಿ ಕಲಿಯುವ ಆನ್‌ಲೈನ್ ತರಗತಿ ಇಂಥವರಿಗೆ ಒಂದು ವರದಾನವಾಗಬಲ್ಲದು. ಆದರೆ ಅದರ ಎಲ್ಲೆ ಯಾವುದೆಂಬುದನ್ನು ಅರಿಯುವುದು ಅತ್ಯಗತ್ಯ.

ನಮ್ಮ ದೇಶದಲ್ಲಿ ಚಾಲನಾ ಶಾಲೆಗಳು 1988ರ ಮೋಟಾರು ವಾಹನ ಅಧಿನಿಯಮ ಹಾಗೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಳಪಟ್ಟಿವೆ. ಶಾಲೆಗೆ ಲೈಸೆನ್ಸ್ ಇರಬೇಕು. ಬೋಧಕನು ಕನಿಷ್ಠ ಹತ್ತನೆಯ ತರಗತಿ ತೇರ್ಗಡೆಯಾಗಿ, ಐದು ವರ್ಷಗಳ ಚಾಲನಾ ಅನುಭವವನ್ನೂ ಮೋಟಾರು ಯಂತ್ರಶಿಕ್ಷಣದ ಪ್ರಮಾಣಪತ್ರವನ್ನೂ ಪಡೆದಿರಬೇಕು. ಪ್ರತಿ ವಿದ್ಯಾರ್ಥಿಯ ವಿವರ ನಿಗದಿತ ನಮೂನೆಯ ದಾಖಲೆ ಪುಸ್ತಕದಲ್ಲಿ ಬರೆಯಲ್ಪಡಬೇಕು. ಸ್ವಂತ ಬಳಕೆಯ ಕಾರಿನಂಥ ವಾಹನಗಳಿಗೆ ತರಬೇತಿಯ ಅವಧಿ 21 ದಿನಗಳಿಗೆ ಕಡಿಮೆಯಿರಬಾರದು. ಅದರಲ್ಲಿ ವಾಸ್ತವವಾಗಿ ವಾಹನ ನಡೆಸಿದ ಕಾಲ ಹತ್ತು ಗಂಟೆಗೆ ಕಡಿಮೆಯಾಗಬಾರದು. ಸಾರಿಗೆ ವಾಹನಗಳಿಗೆ ಈ ಮಿತಿ ಕ್ರಮವಾಗಿ 30 ದಿನ ಮತ್ತು 15 ಗಂಟೆ. ಪಾಠವು ತೆರೆಯ ಮೇಲೆ ನಡೆದರೂ ಶಾಲೆಯು ಈ ಯಾವ ಹೊಣೆಯಿಂದಲೂ ಪಾರಾಗುವುದಿಲ್ಲ.

2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮಗಳು ಈ ವಿಂಗಡಣೆಯನ್ನು ಇನ್ನಷ್ಟು ಸ್ಪಷ್ಟಪಡಿಸಿವೆ. ಲಘು ವಾಹನಗಳ ಶಿಕ್ಷಣಕ್ಕೆ ಒಟ್ಟು 29 ಗಂಟೆಗಳು. ಅವುಗಳಲ್ಲಿ 8 ಗಂಟೆ ಸಿದ್ಧಾಂತ ಪಾಠ, 21 ಗಂಟೆ ಪ್ರಾಯೋಗಿಕ ಅಭ್ಯಾಸ. ರಸ್ತೆಯ ಶಿಷ್ಟಾಚಾರ, ಸಂಚಾರ ಚಿಹ್ನೆಗಳು, ಅಪಘಾತದ ಕಾರಣಗಳು, ಪ್ರಥಮ ಚಿಕಿತ್ಸೆ, ಇಂಧನದ ಮಿತವ್ಯಯ ಇವೆಲ್ಲ ಸಿದ್ಧಾಂತಕ್ಕೆ ಸೇರಿದವು. ಚಿತ್ರ, ನಕ್ಷೆ ಹಾಗೂ ಸಂವಾದಗಳ ನೆರವಿನಿಂದ ಇವುಗಳನ್ನು ತೆರೆಯ ಮೇಲೆಯೂ ಚೆನ್ನಾಗಿ ತಿಳಿಯಹೇಳಬಹುದು. ಕನ್ನಡ ಮನೆಮಾತಿನ ಕಲಿಯುವವನಿಗೆ ಕನ್ನಡ ಬಲ್ಲ ಬೋಧಕನು ಬೇರೊಂದು ಊರಿನಿಂದಲೇ ಸಂದೇಹ ನಿವಾರಿಸಬಹುದು ಎಂಬುದು ಇದರ ಹೆಚ್ಚಿನ ಲಾಭ. ಆದರೆ ಅಂಥ ಪಾಠವು ಲೈಸೆನ್ಸ್ ಪಡೆದ ಶಾಲೆಯ ಶಿಕ್ಷಣಕ್ಕೆ ಪೂರಕವೇ ಹೊರತು ಬದಲಿಯಲ್ಲ.

2020ರಲ್ಲಿ ಕೋವಿಡ್ ಮಹಾಮಾರಿ ಹಬ್ಬಿದಾಗ ಅಮೆರಿಕದ ಕೆಲವು ರಾಜ್ಯಗಳು ಚಾಲನಾ ಸಿದ್ಧಾಂತವನ್ನು ಇದೇ ರೀತಿ ನೇರ ಆನ್‌ಲೈನ್ ತರಗತಿಗಳ ಮೂಲಕ ಬೋಧಿಸಲು ಅವಕಾಶ ನೀಡಿದವು. ಇಂಥ ಬೋಧನೆ ಸಾರ್ಥಕವಾಗಬೇಕಾದರೆ ಕೆಲವು ಕಟ್ಟುಪಾಡುಗಳು ಬೇಕು. ಮುದ್ರಿತ ದೃಶ್ಯವನ್ನು ಓಡಿಸಿ ಬಿಡುವುದು ಪಾಠವಲ್ಲ. ಬೋಧಕನು ಆ ಹೊತ್ತಿನಲ್ಲಿ ಸ್ವತಃ ಹಾಜರಿರಬೇಕು. ವಿದ್ಯಾರ್ಥಿಯ ಮುಖ ಕ್ಯಾಮೆರಾದಲ್ಲಿ ಆದ್ಯಂತ ಕಾಣುತ್ತಿರಬೇಕು. ಹಾಜರಿಯನ್ನು ಆರಂಭದಲ್ಲಿ ಮಾತ್ರವಲ್ಲದೆ ನಡುನಡುವೆಯೂ ಪಡೆಯಬೇಕು. ತರಗತಿ ಚಿಕ್ಕದಾಗಿದ್ದು ಪ್ರತಿಯೊಬ್ಬನಿಗೂ ಪ್ರಶ್ನೆ ಕೇಳುವ, ಉತ್ತರ ಹೇಳುವ ಸರದಿ ಬರಬೇಕು. ರೈಲಿನ ನೂಕುನುಗ್ಗಲಿನಲ್ಲಿ ನಿಂತು ಕೇಳಿದ ಪಾಠ ಹಾಜರಿಗೆ ಒದಗೀತು, ಅರಿವಿಗೆ ಒದಗದು.

ಮಹಾರಾಷ್ಟ್ರದಲ್ಲಿ 2021ರ ಜೂನ್ ತಿಂಗಳಿನಿಂದ ಆಧಾರ್ ದೃಢೀಕರಣದ ಮೂಲಕ ಕಲಿಕಾ ಲೈಸೆನ್ಸಿನ ಪರೀಕ್ಷೆಯನ್ನು ಮನೆಯಿಂದಲೇ ಬರೆಯುವ ಸೌಲಭ್ಯ ಆರಂಭವಾಯಿತು. ಈ ಪರೀಕ್ಷೆಯಲ್ಲಿ ಮಗನ ಬದಲು ತಂದೆಯೋ ಮಧ್ಯವರ್ತಿಯೋ ಉತ್ತರ ಒತ್ತಿದರೆ ವಂಚನೆಗೊಳಗಾಗುವುದು ಸರ್ಕಾರ ಮಾತ್ರವಲ್ಲ. ಕೆಂಪು ದೀಪದ ಅರ್ಥವನ್ನು ಅರಿಯದೆ ರಸ್ತೆಗಿಳಿಯುವವನು ಆ ಮಗನೇ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂಬುದನ್ನು ಇಲ್ಲಿ ಮರೆಯಲಾಗದು.

ಇನ್ನು ತೆರೆಯು ಕಲಿಸಲಾರದ ಸಂಗತಿಗಳಿವೆ. ಕ್ಲಚ್ಚಿನ ಮೇಲೆ ಪಾದದ ಹದ, ಏರಿನಲ್ಲಿ ನಿಂತ ಗಾಡಿಯನ್ನು ಹಿಂದೆ ಜಾರದಂತೆ ಮುಂದಕ್ಕೆ ನಡೆಸುವ ಬಗೆ, ಹಠಾತ್ತನೆ ಅಡ್ಡಬಂದ ಮಗುವನ್ನು ಕಂಡು ಬ್ರೇಕ್ ಒತ್ತುವ ಕ್ಷಣ ಇವು ದೇಹಕ್ಕೆ ಅಭ್ಯಾಸದಿಂದಲೇ ಬರಬೇಕು. ಉಲ್ಹಾಸ ನದಿಯ ದಂಡೆಯ ಬದಲಾಪುರದಲ್ಲಿ ಮಳೆಗಾಲವೇ ಒಂದು ಪರೀಕ್ಷೆ. 2019ರ ಜುಲೈನಲ್ಲಿ ಬದಲಾಪುರ ಮತ್ತು ವಾಂಗಣಿಗಳ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲೇ ನೆರೆಯಲ್ಲಿ ಸಿಲುಕಿತ್ತು. ಅಂಥ ನೀರು ರಸ್ತೆಯನ್ನು ಮುಚ್ಚಿದಾಗ ಮುಂದೆ ಹೋಗದೆ ನಿಲ್ಲುವ ವಿವೇಕವೂ ಚಾಲನಾ ಶಿಕ್ಷಣದ ಭಾಗವೇ. ಈ ಕಾರಣದಿಂದಲೇ ಕಲಿಯುವವನ ಪಕ್ಕದಲ್ಲಿ ವಾಹನವನ್ನು ನಿಲ್ಲಿಸಬಲ್ಲ ಲೈಸೆನ್ಸ್‌ದಾರ ಬೋಧಕನಿರಬೇಕೆಂದೂ, ಶಾಲೆಯ ಕಾರಿಗೆ ಜೋಡಿ ನಿಯಂತ್ರಣವಿರಬೇಕೆಂದೂ, ಬಿಳಿಯ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರದ ಫಲಕವಿರಬೇಕೆಂದೂ ನಿಯಮಗಳು ವಿಧಿಸಿವೆ.

ಪ್ರಮಾಣಪತ್ರದ ಬಗೆಗೂ ಎಚ್ಚರ ಅಗತ್ಯ. ಮಾನ್ಯತೆ ಪಡೆದ ಕೇಂದ್ರದಲ್ಲಿ ತೇರ್ಗಡೆಯಾದವರಿಗೆ ಮಾತ್ರ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿಯುಂಟು. ಸಾಮಾನ್ಯ ಶಾಲೆಯ ಪತ್ರಕ್ಕೆ ಆ ವಿನಾಯಿತಿಯಿಲ್ಲ. 2024ರ ಜೂನ್ 1ರಿಂದ ಈ ವ್ಯವಸ್ಥೆ ಬದಲಾಗುವುದೆಂಬ ವದಂತಿ ಹಬ್ಬಿದಾಗ ಕೇಂದ್ರ ಸಚಿವಾಲಯವು ಯಾವ ಬದಲಾವಣೆಯೂ ಇಲ್ಲವೆಂದು ಸ್ಪಷ್ಟಪಡಿಸಿತು. "ತರಗತಿಯೂ ಬೇಡ, ಪರೀಕ್ಷೆಯೂ ಬೇಡ" ಎಂದು ಹಣ ಕೇಳುವವರನ್ನು ನಂಬಲಾಗದು.

ಸವಾರನ ಕುದುರೆ ಬದಲಾದರೂ ಸವಾರಿಯ ಹೊಣೆ ಬದಲಾಗುತ್ತಿರಲಿಲ್ಲ. ಪಾಠದ ಸ್ಥಳವು ಕೋಣೆಯಿಂದ ತೆರೆಗೆ ಬದಲಾದರೂ ಕಲಿಯುವವನ ಪ್ರಾಮಾಣಿಕತೆ, ಕಲಿಸುವವನ ಶ್ರದ್ಧೆ, ರಸ್ತೆಯಲ್ಲಿ ನಡೆಯುವ ಅಪರಿಚಿತನ ಜೀವದ ಬೆಲೆ ಇವು ಎಂದಿಗೂ ಬದಲಾಗತಕ್ಕವಲ್ಲ.