ಗಂಟು ಹಾಕಿದ ಎಳೆ

ಸ್ವಿಚ್ ಎಂದೊಡನೆ ಕಣ್ಣ ಮುಂದೆ ಬರುವುದು ಗೋಡೆಯ ಮೇಲಿನ ಗುಂಡಿ. ಆದರೆ ಯಾವುದೇ ವಸ್ತು ಸ್ವಿಚ್ ಎನಿಸಿಕೊಳ್ಳಲು ಮೂರು ಲಕ್ಷಣ ಸಾಕು. ಅದಕ್ಕೆ ನಾವು ಗುರುತಿಸಬಲ್ಲ ಎರಡು ಸ್ಥಿತಿಗಳಿರಬೇಕು, ಒಂದರಿಂದ ಇನ್ನೊಂದಕ್ಕೆ ಅದನ್ನು ಬೇಕೆಂದಾಗ ಒಯ್ಯಲು ಬರಬೇಕು, ಮತ್ತೆ ಹಿಂದಕ್ಕೆ ತರಲೂ ಬರಬೇಕು. ಪ್ರೋಟೀನಿನ ರಂಧ್ರದೊಳಗೆ ಡಿಎನ್‌ಎ ಎಳೆಯನ್ನು ಪೋಣಿಸಿದಾಗ ಈ ಮೂರೂ ಒಂದೇ ಅಣುಜೋಡಿಯಲ್ಲಿ ಒದಗುತ್ತವೆ. ಆದರೆ ಅದರ ಹೆಚ್ಚುಗಾರಿಕೆ ಪೋಣಿಸುವುದರಲ್ಲಿಲ್ಲ, ಪೋಣಿಸಿದ ಮೇಲೆ ಗಂಟು ಹಾಕುವುದರಲ್ಲಿದೆ ಎಂಬುದು ನನ್ನ ವಾದ.

ಮೊದಲು ರಂಧ್ರವನ್ನು ನೋಡೋಣ. ಕುರು, ಕೀವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಆಲ್ಫಾ ಹೀಮೊಲೈಸಿನ್ ಎಂಬ ವಿಷವನ್ನು ಸ್ರವಿಸುತ್ತದೆ. ಅದರ ಏಳು ಪ್ರತಿಗಳು ಕೂಡಿ, ಅಣಬೆಯ ಆಕಾರದಲ್ಲಿ ಜೀವಕೋಶದ ಪೊರೆಗೆ ತೂತು ಕೊರೆಯುತ್ತವೆ. ಅದರ ಉದ್ದ ಸುಮಾರು 10 ನ್ಯಾನೊಮೀಟರ್, ತೀರಾ ಇಕ್ಕಟ್ಟಾದ ಜಾಗದ ಅಗಲ ಸುಮಾರು 1.4 ನ್ಯಾನೊಮೀಟರ್. 1996ರಲ್ಲಿ ಕಾಸಿಯಾನೊವಿಚ್, ಬ್ರಾಂಡಿನ್, ಬ್ರಾಂಟನ್, ಡೀಮರ್ ಎಂಬ ವಿಜ್ಞಾನಿಗಳು ಈ ತೂತಿನ ಮೂಲಕ ಒಂಟಿ ಎಳೆಯ ನ್ಯೂಕ್ಲಿಯಿಕ್ ಆಮ್ಲಗಳನ್ನು ಹಾಯಿಸಿ ತೋರಿಸಿದರು. ಉಪ್ಪುನೀರಿನಲ್ಲಿ 120 ಮಿಲಿವೋಲ್ಟ್ ಕೊಟ್ಟರೆ ಸೆಕೆಂಡಿಗೆ ಅರವತ್ತು ಕೋಟಿಗೂ ಮಿಕ್ಕಿ ಅಯಾನುಗಳು ಅದರೊಳಗೆ ಹರಿಯುತ್ತವೆ. ಡಿಎನ್‌ಎಯದು ಋಣ ವಿದ್ಯುದಂಶವಾದ್ದರಿಂದ ಅದು ಧನ ಧ್ರುವದ ಕಡೆಗೆ ಎಳೆಯಲ್ಪಟ್ಟು ತೂತಿಗೆ ಇಳಿಯುತ್ತದೆ. ಇಳಿದಷ್ಟು ಹೊತ್ತು ಅಯಾನುಗಳ ದಾರಿ ಕಟ್ಟಿ ವಿದ್ಯುತ್ ಪ್ರವಾಹ ಕುಸಿಯುತ್ತದೆ.

ಆದರೆ ಹಾದುಹೋದ ಎಳೆ ಸ್ವಿಚ್ ಆಗಲಾರದು. ಎಳೆಯ ಒಂದೊಂದು ಅಕ್ಷರವೂ, ಅಂದರೆ ಒಂದೊಂದು ಬೇಸ್ ಕೂಡ, ಮೈಕ್ರೊಸೆಕೆಂಡುಗಳಲ್ಲಿ ದಾಟಿ, ಎಳೆ ಆಚೆಗೆ ಬಿದ್ದು ಕಣ್ಮರೆಯಾಗುತ್ತದೆ. ಇಲ್ಲಿ ನೆರವಿಗೆ ಬರುವುದು ಒಂದು ಸರಳ ಅಳತೆ: ಜೋಡಿ ಎಳೆಯ ಡಿಎನ್‌ಎಯ ದಪ್ಪ ಸುಮಾರು 2 ನ್ಯಾನೊಮೀಟರ್, ಅದು ಇಕ್ಕಟ್ಟಿನಲ್ಲಿ ನುಸುಳದು. ಎಳೆಯ ಒಂದು ತುದಿ ತನ್ನ ಮೇಲೆಯೇ ಮಡಚಿ ಕುಣಿಕೆಯಾಗುವಂತೆ ಮಾಡಿದರೆ ಆ ತುದಿ ಇಕ್ಕಟ್ಟಿನ ಬಾಯಲ್ಲೇ ನಿಲ್ಲುತ್ತದೆ. ಆಚೆ ಹೊರಬಂದ ಇನ್ನೊಂದು ತುದಿಗೆ ಅಲ್ಲಿ ಕಾದಿರುವ ಪೂರಕ ತುಣುಕು ಜೋಡಿಯಾಗಿ ಅಂಟಿಕೊಂಡರೆ ಎರಡನೆಯ ಗಂಟೂ ಬಿತ್ತು. ಚಕ್ರದೊಳಗೆ ಸಿಕ್ಕ ಅಚ್ಚಿನಂತಿರುವ ಇಂಥ ಅಣುಗಳಿಗೆ ರೋಟಾಕ್ಸೇನ್ ಎಂದು ಹೆಸರು. 2016ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಸ್ಟಾಡರ್ಟ್ ಅವರ ಹೆಸರು ಈ ಅಣುಗಳೊಂದಿಗೆ ಬೆಸೆದಿದೆ. ಒಂದೇ ಒಂದು ಪ್ರೋಟೀನ್ ರಂಧ್ರದಲ್ಲಿ ಡಿಎನ್‌ಎ ರೋಟಾಕ್ಸೇನನ್ನು ಕಟ್ಟಿದ ಕೆಲಸವನ್ನು ವಿಜ್ಞಾನಿಗಳಾದ ಬೇಯ್ಲಿ ಮತ್ತು ಘದಿರಿ ಅವರ ತಂಡಗಳು 2004ರಲ್ಲಿ ಪ್ರಕಟಿಸಿದವು. ಈಗ ಧ್ರುವ ಬದಲಿಸಿದರೆ ಎಳೆ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಸರಿಯುತ್ತದೆ, ಕಳೆದುಹೋಗುವುದಿಲ್ಲ. ಇಕ್ಕಟ್ಟಿನಲ್ಲಿ ಎಳೆಯ ಯಾವ ಭಾಗ ಕೂತಿದೆ ಎಂಬುದನ್ನು ಪ್ರವಾಹದ ಮಟ್ಟ ಹೇಳುತ್ತದೆ.

ಅಣುಲೋಕದಲ್ಲಿ ಶಾಖದ ಕುಣಿತವೇ ಎಲ್ಲವನ್ನೂ ಅಲ್ಲಾಡಿಸುವಾಗ ಇದನ್ನು ನಿಯಂತ್ರಣ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಕೋಣೆಯ ತಾಪದಲ್ಲಿ ಒಂದು ವಿದ್ಯುದಂಶದ ಮಟ್ಟಿಗೆ ಆ ಕುಣಿತ ಸುಮಾರು 25 ಮಿಲಿವೋಲ್ಟಿಗೆ ಸಮ. ನಾವು ಕೊಡುವುದು ಅದರ ಐದುಪಟ್ಟಿನಷ್ಟು, ಎಳೆಯ ಮೇಲಿರುವುದೋ ಹಲವು ವಿದ್ಯುದಂಶಗಳು. ಹಾಗಾಗಿ ದಿಕ್ಕು ಆಕಸ್ಮಿಕಕ್ಕೆ ಬಿಟ್ಟದ್ದಲ್ಲ. ಪೊರೆ ಬಲು ನಾಜೂಕು, ಟ್ರಾನ್ಸಿಸ್ಟರಿನ ವೇಗ ಇದಕ್ಕಿಲ್ಲ ಎಂಬ ಇನ್ನೊಂದು ಆಕ್ಷೇಪ ನಿಜವೇ. ಆದರೆ ಟ್ರಾನ್ಸಿಸ್ಟರಿನ ಕೆಲಸಕ್ಕೆ ಇದನ್ನು ಯಾರೂ ಕರೆದಿಲ್ಲ. ಇಲ್ಲಿ ಎರಡನೆಯ ಗಂಟು ಬೀಳುವುದು ಸರಿಯಾದ ಅಕ್ಷರಸಾಲು ಬಂದಾಗ ಮಾತ್ರ. ಅಂದರೆ ಈ ಸ್ವಿಚ್ ವೋಲ್ಟೇಜಿನ ಆಜ್ಞೆಯ ಜೊತೆಗೆ ಒಂದು ಅಣುವಿನ ಗುರುತನ್ನೂ ಕೇಳುತ್ತದೆ.

ನ್ಯಾನೊರಂಧ್ರದಿಂದ ಡಿಎನ್‌ಎ ಓದುವ ವಿದ್ಯೆಯೂ ಪೋಣಿಸುವುದಕ್ಕಿಂತ ಹಿಡಿದಿಡುವುದೇ ಮುಖ್ಯ ಎಂದು ಸಾರುತ್ತದೆ. ಓಡುವ ಎಳೆಯನ್ನು ಕಿಣ್ವವೊಂದು ಹಿಡಿದು ಹೆಜ್ಜೆಹೆಜ್ಜೆಯಾಗಿ ಬಿಡತೊಡಗಿದ ಮೇಲೆಯೇ ಆ ಓದು ಕೈಗೂಡಿತು. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ವೈರಸ್ಸಿನ ಜೀನೋಮನ್ನು ರೋಗ ಹರಡಿದ ನಾಡಿನಲ್ಲೇ ಓದಿದ್ದು ಅಂಗೈಯಲ್ಲಿ ಹಿಡಿಯುವಂಥ ಅಂಥದೊಂದು ಉಪಕರಣ.